ಬೇಸಿಗೆಯ ಝಳದಿಂದ ಮನೆ ಮತ್ತು ಮನೆಮಂದಿಯ ರಕ್ಷಣೆ

ಎಳೆ ಸಸಿಗೆ ಬಿಸಿಲು ತಾಗೀತೆಂದು ನೆರಳು ಮಾಡುವ, ಬಾಡಿದ ಬೆಳೆಗೆ ಹೊತ್ತು ನೋಡಿ ನೀರು ಕಟ್ಟುವ ರೈತರು ತಾವು ವಾಸಿಸುವ ಮನೆಯ ವಿಷಯದಲ್ಲಿ ಅಷ್ಟು ಕಾಳಜಿ ವಹಿಸುವುದು ಕಡಿಮೆ. ಬೇಸಿಗೆ ಬಂದಾಗ "ಈ ವರ್ಷ ಬಿಸಿಲು ಬಹಳ" ಎಂದು ಹೇಳಿ ಸುಮ್ಮನಾಗುತ್ತೇವೆ. ಆದರೆ ಬಿಸಿಲಿನಿಂದ ಆಗುವ ಸಾವುಗಳೆಲ್ಲವೂ ಹೊಲದಲ್ಲಿಯೇ ಆಗುವುದಿಲ್ಲ. ವಯಸ್ಸಾದವರು, ಹಾಸಿಗೆ ಹಿಡಿದವರು, ಕೂಸುಗಳು ಮನೆಯೊಳಗೆ ಕಾಯ್ದ ಛಾವಣಿಯ ಕೆಳಗೆ ಬಳಲುತ್ತಾರೆ. ಗುಜರಾತದ ಅಹಮದಾಬಾದಿನಲ್ಲಿ 2010ರ ಮೇ ತಿಂಗಳಲ್ಲಿ ಉಷ್ಣತಾಮಾನವು 46.8 ಡಿಗ್ರಿ ಸೆಲ್ಸಿಯಸ್‌ಗೆ ಏರಿದಾಗ, ಆ ಒಂದೇ ತಿಂಗಳಲ್ಲಿ ವಾಡಿಕೆಗಿಂತ 1,344 ಸಾವುಗಳು ಹೆಚ್ಚಾಗಿ ಸಂಭವಿಸಿದವು. ಆ ನಗರವು 2013ರಲ್ಲಿ ಬಿಸಿಲಿನ ಮುಂಜಾಗ್ರತಾ ಯೋಜನೆಯೊಂದನ್ನು ಜಾರಿಗೆ ತಂದಿತು. ಮುಂದೆ ಬಡವರ ಮನೆಗಳ ಛಾವಣಿಗಳಿಗೆ ಸುಣ್ಣ ಬಳಿಯುವ ಕೆಲಸವನ್ನೂ ಕೈಗೊಂಡಿತು. ಸುಣ್ಣದಂಥ ಸಾಮಾನ್ಯ ವಸ್ತುವಿನಿಂದ ಏನು ಪ್ರಯೋಜನ ಎಂಬುದನ್ನು ಮುಂದೆ ನೋಡೋಣ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ತಾಲೂಕುಗಳು ಒಂದಕ್ಕೊಂದು ಹತ್ತಿರವಿದ್ದರೂ ಬಿಸಿಲಿನ ಬಗೆ ಒಂದೇ ಅಲ್ಲ. ಚಿಕ್ಕೋಡಿ, ನಿಪ್ಪಾಣಿಗಳು ಸಹ್ಯಾದ್ರಿಗೆ ಸಮೀಪವಾಗಿ ಉತ್ತರದ ಸಂಕ್ರಮಣ ವಲಯದಲ್ಲಿವೆ. ಸಂಜೆಗೆ ಪಡುವಣ ಗಾಳಿ ಬೀಸಿದರೆ ಅಲ್ಲಿ ರಾತ್ರಿ ತಂಪಾಗುತ್ತದೆ. ಅಥಣಿ, ರಾಯಬಾಗಗಳು ಮಳೆಯ ನೆರಳಿನಲ್ಲಿರುವ ಉತ್ತರದ ಒಣ ವಲಯಕ್ಕೆ ಸೇರಿದವು. ಅಥಣಿಯ ಮೂಡಣ ಭಾಗದ ಎರೆ ಹೊಲಗಳ ನಡುವಿನ ಹಳ್ಳಿಗಳಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಬೀಸುವ ಗಾಳಿಯಲ್ಲಿ ತೇವವೇ ಇರುವುದಿಲ್ಲ. ಕೃಷ್ಣಾ ನದಿಯ ದಂಡೆಯ ಕುಡಚಿ, ಉಗಾರ, ಶೇಡಬಾಳದ ಕಡೆ ಸುತ್ತಲೂ ಕಬ್ಬು ನಿಂತಿರುವುದರಿಂದ ಬಿಸಿಲು ಸ್ವಲ್ಪ ಕಡಿಮೆಯೆನಿಸಿದರೂ ಗಾಳಿಯಲ್ಲಿ ತೇವ ಹೆಚ್ಚು. ಬೆವರು ಬೇಗನೆ ಆರದೆ ಧಗೆ ಕಾಡುತ್ತದೆ. ಈ ಭೇದವನ್ನು ನೆನಪಿನಲ್ಲಿಡಬೇಕು. ಅಥಣಿಯಲ್ಲಿ ಚೆನ್ನಾಗಿ ಫಲ ಕೊಡುವ ಉಪಾಯವು ಕಬ್ಬಿನ ಪಡದ ನಡುವಿನ ಮನೆಯಲ್ಲಿ ಅರ್ಧ ಫಲ ಕೊಡಬಹುದು.

ಇನ್ನೊಂದು ಮಾತು. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಹಾಗೂ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಸರಕಾರಿ ಕಚೇರಿಗಳ ವೇಳೆಯನ್ನು ಮುಂಜಾನೆ 8ರಿಂದ ಮಧ್ಯಾಹ್ನ 1-30ರವರೆಗೆ ಬದಲಿಸುವ ಪದ್ಧತಿಯಿದೆ. 2025ರಲ್ಲಿಯೂ ಹಾಗೆ ಮಾಡಲಾಯಿತು. ಅಥಣಿ ತಾಲೂಕು ಆ ಎರಡೂ ಜಿಲ್ಲೆಗಳ ನೆರೆಯಲ್ಲಿದ್ದರೂ ಬೆಳಗಾವಿ ಜಿಲ್ಲೆಗೆ ಸೇರಿದ್ದರಿಂದ ಆ ಪಟ್ಟಿಯಲ್ಲಿ ಬರುವುದಿಲ್ಲ. ಬಿಸಿಲಿಗೆ ಜಿಲ್ಲೆಯ ಗಡಿ ಗೊತ್ತಿಲ್ಲ. ಮನೆಯ ಕೆಲಸದ ವೇಳೆಯನ್ನು ನಾವೇ ಬದಲಿಸಿಕೊಳ್ಳಬೇಕಾಗುತ್ತದೆ.

ಸೂರ್ಯ ನೆತ್ತಿಯ ಮೇಲೆ

ನಮ್ಮ ಭಾಗದಲ್ಲಿ ಮೇ ತಿಂಗಳ ಮೊದಲ ವಾರದಲ್ಲಿ, ಅಂದರೆ ಭರಣಿ ಮಳೆಯ ದಿನಗಳಲ್ಲಿ, ನಡು ಮಧ್ಯಾಹ್ನ ಸೂರ್ಯನು ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಅಂಗಳದಲ್ಲಿ ಒಂದು ಗೂಟವನ್ನು ನೆಟ್ಟಗೆ ನಿಲ್ಲಿಸಿ ನೋಡಿದರೆ ಅದರ ನೆರಳು ಬುಡದಲ್ಲಿಯೇ ಅಡಗಿರುವುದು ಕಾಣುತ್ತದೆ. ಆಗಸ್ಟ್ ಮೊದಲ ವಾರದಲ್ಲಿ ಇನ್ನೊಮ್ಮೆ ಹೀಗಾಗುತ್ತದಾದರೂ ಆಗ ಮೋಡಗಳಿರುವುದರಿಂದ ನಮಗೆ ತಿಳಿಯುವುದಿಲ್ಲ. ಇದರಿಂದ ಮನೆಯ ಬಗೆಗೆ ಒಂದು ಮುಖ್ಯ ಸಂಗತಿ ಗೊತ್ತಾಗುತ್ತದೆ. ಬೇಸಿಗೆಯಲ್ಲಿ ತೆಂಕಣ ಗೋಡೆಗೆ ಬಿಸಿಲು ತಾಗುವುದೇ ಅಪರೂಪ. ಮೂಡಣ ಗೋಡೆ ಮುಂಜಾನೆ, ಪಡುವಣ ಗೋಡೆ ಇಳಿಹೊತ್ತಿನಲ್ಲಿ ಕಾಯುತ್ತವೆ. ಆದರೆ ಇಡೀ ದಿನ ಬಿಸಿಲನ್ನು ಹೊರುವುದು ಮನೆಯ ಮೇಲ್ಭಾಗ ಮಾತ್ರ.

ಆ ಹೊರೆ ಎಷ್ಟೆಂಬುದನ್ನು ಲೆಕ್ಕ ಹಾಕಬಹುದು. ನಿರಭ್ರ ಮಧ್ಯಾಹ್ನ ಒಂದು ಚದರ ಮೀಟರ್ ಜಾಗದ ಮೇಲೆ ಸುಮಾರು ಒಂದು ಸಾವಿರ ವ್ಯಾಟ್‌ನಷ್ಟು ಬಿಸಿಲು ಬೀಳುತ್ತದೆ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಒಂದು ಕೋಣೆಯ ಮಾಳಿಗೆ ಒಂಬತ್ತು ಚದರ ಮೀಟರಿಗಿಂತ ತುಸು ಹೆಚ್ಚು. ಎಂದರೆ ಸಾವಿರ ವ್ಯಾಟಿನ ಒಂಬತ್ತು ಇಸ್ತ್ರಿ ಪೆಟ್ಟಿಗೆಗಳನ್ನು ಹೊತ್ತಿಸಿ ಮಾಳಿಗೆಯ ಮೇಲೆ ಇಟ್ಟಂತೆ! ಅದರಲ್ಲಿ ಒಂದು ಪಾಲು ಹಿಂದಕ್ಕೆ ಪುಟಿಯುತ್ತದೆ, ಒಂದು ಪಾಲನ್ನು ಗಾಳಿ ಒಯ್ಯುತ್ತದೆ, ಉಳಿದದ್ದು ಕೆಳಗಿಳಿಯುತ್ತದೆ. ಎಷ್ಟು ಇಳಿಯುತ್ತದೆ, ಯಾವಾಗ ಇಳಿಯುತ್ತದೆ ಎಂಬುದು ಛಾವಣಿಯ ಜಾತಿಯನ್ನು ಅವಲಂಬಿಸಿದೆ.

ಮಣ್ಣಿನ ಮಾಳಿಗೆ, ತಗಡು, ಸ್ಲ್ಯಾಬು

ಜಂತಿ, ತೊಲೆಗಳ ಮೇಲೆ ದಪ್ಪನಾಗಿ ಮಣ್ಣು ಹಾಕಿದ ಹಳೆಯ ಮಾಳಿಗೆಯ ಮನೆಗಳು ಈಗಲೂ ಅಥಣಿ, ರಾಯಬಾಗದ ಹಳ್ಳಿಗಳಲ್ಲಿ ಅಲ್ಲಲ್ಲಿ ಉಳಿದಿವೆ. ಮೇಲೆ ಬಿದ್ದ ಶಾಖವು ಒಂದು ಅಡಿಗೂ ಮಿಕ್ಕಿದ ಮಣ್ಣನ್ನು ದಾಟಿ ಒಳಗೆ ಬರಲು ಎಂಟು-ಹತ್ತು ತಾಸು ಬೇಕು. ಅಷ್ಟರಲ್ಲಿ ಬಿಸಿಲು ಇಳಿದಿರುತ್ತದೆ, ಶಾಖದ ಬಹುಪಾಲು ಮೇಲಕ್ಕೇ ಮರಳಿರುತ್ತದೆ. ಬೆಳಕಿಂಡಿಯಿಂದ ಬಿಸಿ ಗಾಳಿ ಹೊರಗೆ ಹೋಗುತ್ತದೆ. ರಾತ್ರಿ ಒಳಗೆ ಸ್ವಲ್ಪ ಸೆಕೆಯಾಗುವ ಹೊತ್ತಿಗೆ ಮನೆಮಂದಿ ಮಾಳಿಗೆಯ ಮೇಲೆ ಹಾಸಿಕೊಂಡು ಮಲಗಿರುತ್ತಾರೆ. ಹಿರಿಯರು ಹಗಲು ಒಳಗೆ, ರಾತ್ರಿ ಮೇಲೆ ಎಂದು ಮಾಡಿಕೊಂಡಿದ್ದ ಏರ್ಪಾಡು ಬಹಳ ಸಮಂಜಸವಾದದ್ದು. ಇಂತಹ ಮಾಳಿಗೆ ಇರುವವರು ಅದನ್ನು ಕೆಡವುವ ಮೊದಲು ಎರಡು ಸಲ ವಿಚಾರ ಮಾಡುವುದು ಒಳ್ಳೆಯದು. ಮಳೆಗಾಲದಲ್ಲಿ ಸೋರುತ್ತದೆ, ವರ್ಷವೂ ಮಣ್ಣು ಹಾಕಬೇಕು, ಜಂತಿಗೆ ಗೆದ್ದಲು ಬರುತ್ತದೆ ಎಂಬ ದೂರುಗಳು ನಿಜ. ಹೊಸ ಮನೆಯನ್ನು ಕಟ್ಟಲೇಬೇಕಾದಾಗ ಹಳೆಯ ಒಂದು ಪಡಸಾಲೆಯನ್ನಾದರೂ ದುರಸ್ತಿ ಮಾಡಿ ಉಳಿಸಿಕೊಂಡರೆ ಬೇಸಿಗೆಯಲ್ಲಿ ಮುದುಕರಿಗೂ ಮಕ್ಕಳಿಗೂ ಅದು ಆಸರೆಯಾಗುತ್ತದೆ.

ತಗಡಿನ ಮನೆಯ ಸ್ಥಿತಿ ಇದಕ್ಕೆ ತೀರ ವಿರುದ್ಧ. ಜನರು ಪತ್ರಾಸು ಎಂದು ಕರೆಯುವ ಈ ತಗಡು ಬಿಸಿಲು ಬಿದ್ದ ಕೆಲವೇ ನಿಮಿಷಗಳಲ್ಲಿ ಕಾಯುತ್ತದೆ. ಹಳೆಯದಾಗಿ ತುಕ್ಕು ಹಿಡಿದ ಮೇಲೆ ಮಧ್ಯಾಹ್ನ ಅದರ ಉಷ್ಣತೆ 60 ಡಿಗ್ರಿ ದಾಟುವುದುಂಟು. ಕೆಳಗೆ ಕುಳಿತವರ ತಲೆಯ ಮೇಲೆ ಕಾಯ್ದ ಹಂಚು ಹಿಡಿದಂತೆಯೇ ಸರಿ. ಒಂದೇ ಗುಣವೆಂದರೆ ಸೂರ್ಯ ಮುಳುಗಿದ ಕೂಡಲೇ ತಣ್ಣಗಾಗುತ್ತದೆ. ಆದ್ದರಿಂದ ತಗಡಿನ ಮನೆಯಲ್ಲಿ ಹಗಲು ಅಪಾಯ, ರಾತ್ರಿ ಸುಖ. ನಿಪ್ಪಾಣಿಯ ಕಡೆ ಮನೆಯಲ್ಲಿಯೇ ಕುಳಿತು ಬೀಡಿ ಕಟ್ಟುವ ತಾಯಂದಿರಿಗೆ ಈ ಹಗಲಿನ ಅಪಾಯ ಹೆಚ್ಚು. ಫ್ಯಾನು ಹಚ್ಚಿದರೆ ತಂಬಾಕಿನ ಪುಡಿ ಹಾರುವುದರಿಂದ ಗಾಳಿಯೂ ಇಲ್ಲದೆ ಗಂಟೆಗಟ್ಟಲೆ ಕೂಡಬೇಕಾಗುತ್ತದೆ. ಇಂಥವರು ಹನ್ನೊಂದರಿಂದ ನಾಲ್ಕರವರೆಗಿನ ಕೆಲಸವನ್ನು ಮುಂಜಾನೆಗೆ ಮತ್ತು ಸಂಜೆಗೆ ಹಂಚಿಕೊಳ್ಳುವುದು, ಇಲ್ಲವೆ ಬೇವಿನ ಗಿಡದ ಕೆಳಗೆ ಕೂಡುವುದು ಮೇಲು.

ಸ್ಲ್ಯಾಬಿನ ಮನೆ ಇವೆರಡರ ನಡುವಿನದು. ಆದರೆ ಎರಡರ ದೋಷಗಳನ್ನೂ ಪಡೆದುಕೊಂಡಿದೆ. ನಾಲ್ಕೈದು ಅಂಗುಲ ದಪ್ಪದ ಕಾಂಕ್ರೀಟನ್ನು ಶಾಖವು ಮೂರು-ನಾಲ್ಕು ತಾಸಿನಲ್ಲಿ ದಾಟುತ್ತದೆ. ಮಧ್ಯಾಹ್ನದ ಬಿಸಿಲು ಸಂಜೆಯ ಹೊತ್ತಿಗೆ ಒಳಗೆ ಇಳಿದು, ನಡುರಾತ್ರಿಯವರೆಗೂ ಕೋಣೆಯನ್ನು ಕಾಯಿಸುತ್ತಲೇ ಇರುತ್ತದೆ. ರಾತ್ರಿ ಎಂಟು ಗಂಟೆಗೆ ಸ್ಟೂಲಿನ ಮೇಲೆ ನಿಂತು ಸ್ಲ್ಯಾಬಿನ ಒಳಮೈಗೆ ಅಂಗೈ ಇಟ್ಟು ನೋಡಿದರೆ ಯಾರಿಗಾದರೂ ತಿಳಿಯುತ್ತದೆ. ದಿನವಿಡೀ ದುಡಿದ ದೇಹವು ರಾತ್ರಿಯಲ್ಲಿ ತಣ್ಣಗಾಗಿ ಚೇತರಿಸಿಕೊಳ್ಳಬೇಕು. ಅದಕ್ಕೆ ಅವಕಾಶ ಸಿಗದೆ ನಾಲ್ಕೈದು ದಿನ ಕಳೆದರೆ ಗಟ್ಟಿಮುಟ್ಟಾದವರೂ ಕುಸಿಯುತ್ತಾರೆ.

ಮಾಳಿಗೆಗೆ ಸುಣ್ಣ

ಸ್ಲ್ಯಾಬಿನ ಮನೆಯವರು ಮಾಡಬಹುದಾದ ಅತಿ ಅಗ್ಗದ, ಅತಿ ಪರಿಣಾಮಕಾರಿಯಾದ ಕೆಲಸವೆಂದರೆ ಮಾಳಿಗೆಯ ಮೇಲೆ ಸುಣ್ಣ ಬಳಿಯುವುದು. ಬರಿಯ ಸಿಮೆಂಟು ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಕಡಿಮೆಯಿಲ್ಲದಂತೆ ಹೀರಿಕೊಳ್ಳುತ್ತದೆ. ಹೊಸದಾಗಿ ಬಳಿದ ಸುಣ್ಣವಾದರೋ ಹೆಚ್ಚಿನ ಪಾಲನ್ನು ಆಕಾಶಕ್ಕೆ ಹಿಂತಿರುಗಿಸುತ್ತದೆ. ಒಂಬತ್ತು ಇಸ್ತ್ರಿ ಪೆಟ್ಟಿಗೆಗಳಲ್ಲಿ ಆರನ್ನು ಆರಿಸಿದಂತೆ ಎಂದು ತಿಳಿಯಿರಿ. ಯುಗಾದಿಗೆ ಮನೆಯ ಗೋಡೆಗಳಿಗೆಲ್ಲ ಬಣ್ಣ ಬಳಿಯುವ ನಾವು ಮಾಳಿಗೆಯ ಮೇಲೆ ಏರುವುದೇ ಇಲ್ಲ. ಅದು ಬೀದಿಯಲ್ಲಿ ಹೋಗುವವರ ಕಣ್ಣಿಗೆ ಬೀಳುವುದಿಲ್ಲವಷ್ಟೇ!

ಸುಟ್ಟ ಸುಣ್ಣದ ಹರಳನ್ನು ಒಂದು ಕಿಲೋಕ್ಕೆ ಐದು ಲೀಟರ್ ನೀರಿನಂತೆ ಸೇರಿಸಿ ಅರಳಿಸಿ, ಒಂದು ಹಗಲು ಒಂದು ರಾತ್ರಿ ಬಿಡಬೇಕು. ಆ ಮೇಲೆ ದಪ್ಪ ಅರಿವೆಯಲ್ಲಿ ಸೋಸಿಕೊಳ್ಳಬೇಕು. ಹತ್ತು ಲೀಟರ್ ಸುಣ್ಣದ ನೀರಿಗೆ 40 ಗ್ರಾಂ ಗೋಂದನ್ನು ಬಿಸಿ ನೀರಿನಲ್ಲಿ ಕರಗಿಸಿ ಸೇರಿಸಿದರೆ ಸುಣ್ಣ ಕೈಗೆ ಹತ್ತುವುದಿಲ್ಲ. ಮಾಳಿಗೆಯನ್ನು ಕಸಬರಿಗೆಯಿಂದ ತಿಕ್ಕಿ ಧೂಳು, ಪಾಚಿಗಳನ್ನು ತೆಗೆದು, ಬಿರುಕುಗಳಿದ್ದರೆ ಮುಚ್ಚಿ, ಸ್ವಲ್ಪ ತೇವ ಮಾಡಿ ಎರಡು ಅಥವಾ ಮೂರು ಕೈ ಬಳಿಯಬೇಕು. ಒಂದು ಕೈ ಒಣಗಿದ ಮೇಲೆಯೇ ಇನ್ನೊಂದು. ಫೆಬ್ರುವರಿ ಕೊನೆಯಲ್ಲಿ ಈ ಕೆಲಸ ಮುಗಿದರೆ ಇಡೀ ಬೇಸಿಗೆಗೆ ಉಪಯೋಗವಾಗುತ್ತದೆ. ಮಳೆಗೆ ತೊಳೆದು ಹೋಗುವುದರಿಂದ ಪ್ರತಿ ವರ್ಷ ಬಳಿಯಲೇಬೇಕು. ಸುಣ್ಣ ಅರಳುವಾಗ ಕುದಿದು ಸಿಡಿಯುತ್ತದೆ. ಮಕ್ಕಳನ್ನು ದೂರವಿಡಬೇಕು, ಬಳಿಯುವವರು ಕಣ್ಣಿಗೆ ಬೀಳದಂತೆ ಎಚ್ಚರ ವಹಿಸಬೇಕು. ಕಣ್ಣಿಗೆ ಬಿದ್ದರೆ ಉಜ್ಜದೆ, ಬಹಳ ಹೊತ್ತು ಶುದ್ಧ ನೀರಿನಿಂದ ತೊಳೆದು ವೈದ್ಯರಲ್ಲಿಗೆ ಹೋಗತಕ್ಕದ್ದು. ಮಾಳಿಗೆಯ ಮಳೆನೀರನ್ನು ತೊಟ್ಟಿಗೆ ತುಂಬುವವರು ಮೊದಲ ಎರಡು-ಮೂರು ಮಳೆಗಳ ನೀರನ್ನು ಹೊರಗೆ ಬಿಡಬೇಕು.

ತಗಡಿನ ಮೇಲೆ ಸುಣ್ಣ ನಿಲ್ಲುವುದಿಲ್ಲ, ಹಪ್ಪಳದಂತೆ ಏಳುತ್ತದೆ. ತಗಡಿಗೆ ಎಣ್ಣೆಯ ಬಿಳಿ ಬಣ್ಣವನ್ನೋ ಅಂಗಡಿಗಳಲ್ಲಿ ಸಿಗುವ ಬಿಸಿಲು ಪ್ರತಿಫಲಿಸುವ ಬಿಳಿ ಬಣ್ಣವನ್ನೋ ಬಳಿಯಬೇಕು. ಖರ್ಚು ಹೆಚ್ಚು, ಆದರೆ ಕೆಲವು ವರ್ಷ ಬಾಳುತ್ತದೆ. ಸಿಮೆಂಟಿನ ಹಳೆಯ ಸೀಟುಗಳನ್ನು ಒಣಗಿದ್ದಾಗ ತಿಕ್ಕಬಾರದು. ಅವುಗಳಲ್ಲಿನ ಆಸ್ಬೆಸ್ಟಾಸ್ ನಾರಿನ ಧೂಳು ಎದೆಗೆ ಕೆಟ್ಟದ್ದು.

ಕಬ್ಬಿನ ರವದಿಯ ಉಪಯೋಗ

ಕಬ್ಬಿನ ಸೀಮೆಯಲ್ಲಿ ರವದಿಗೆ ಬರವಿಲ್ಲ. ಕಟಾವು ಮುಗಿದ ಮೇಲೆ ಹೊಲದಲ್ಲಿಯೇ ಬೆಂಕಿ ಹಚ್ಚುವವರು ಇನ್ನೂ ಇದ್ದಾರೆ. ರವದಿಯ ಎಲೆಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಶಾಖವನ್ನು ತಡೆಯುವ ಪದರ. ಕಬ್ಬು ಕಡಿಯಲು ಬಂದ ಗ್ಯಾಂಗಿನವರು ರವದಿಯ ಜೋಪಡಿಗಳಲ್ಲಿ ಇರುವುದನ್ನು ನೋಡಿದ್ದೇವೆ. ಮಧ್ಯಾಹ್ನ ಒಳಗೆ ಹೊಕ್ಕು ನೋಡಿದರೆ ಪಕ್ಕದ ತಗಡಿನ ಮನೆಗಿಂತ ಅದು ವಾಸಿ ಎನಿಸುತ್ತದೆ. ತಗಡಿನ ಮನೆಯವರು ಬಿದಿರು ಗಳುಗಳ ಹಂದರದ ಮೇಲೆ ಅರ್ಧ ಅಡಿ ದಪ್ಪ ರವದಿಯನ್ನು ಹೊದಿಸಿ, ತಗಡಿನಿಂದ ಒಂದು ಗೇಣು ಎತ್ತರದಲ್ಲಿ ನಿಲ್ಲುವಂತೆ ಕಟ್ಟಬೇಕು. ನಡುವೆ ಗಾಳಿ ಆಡುವುದರಿಂದ ತಗಡು ಕಾಯುವುದೇ ಇಲ್ಲ. ಗಾಳಿ-ಮಳೆಗೆ ಹಾರದಂತೆ ಹಗ್ಗದಿಂದ ಬಿಗಿಯುವುದು ಅಗತ್ಯ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಒಣ ರವದಿ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಅಡಿಗೆಮನೆಯ ಮೇಲೆ, ಹೊಗೆ ಕೊಳವೆಯ ಹತ್ತಿರ, ವಿದ್ಯುತ್ ತಂತಿ ಹಾದುಹೋಗುವ ಕಡೆ ಇದನ್ನು ಹಾಕಲೇಬಾರದು. ಸಾಲಾಗಿ ಕೂಡಿಕೊಂಡ ಮನೆಗಳ ಓಣಿಯಲ್ಲಿಯೂ ಬೇಡ. ಅಂತಹ ಕಡೆ ರವದಿಯ ಬದಲು ಹೀರೆ, ಕುಂಬಳ, ಅವರೆಯ ಬಳ್ಳಿಗಳನ್ನು ಹಬ್ಬಿಸಬಹುದು. ಬಚ್ಚಲ ನೀರನ್ನೇ ಬುಡಕ್ಕೆ ಬಿಟ್ಟರೆ ಸಾಕು. ಸ್ಲ್ಯಾಬಿನ ಮೇಲಾದರೆ ಒಡೆದ ಗಡಿಗೆಗಳನ್ನು ಒತ್ತೊತ್ತಾಗಿ ಬೋರಲು ಹಾಕಿ ನಡುವಿನ ಸಂದುಗಳಲ್ಲಿ ಸುಣ್ಣದ ಗಾರೆ ತುಂಬುವ ಹಳೆಯ ಪದ್ಧತಿಯೂ ಒಳ್ಳೆಯದೇ. ಗಡಿಗೆಯೊಳಗಿನ ಗಾಳಿ ರವದಿಯೊಳಗಿನ ಗಾಳಿಯ ಕೆಲಸವನ್ನೇ ಮಾಡುತ್ತದೆ, ಬೆಂಕಿಯ ಭಯವಿಲ್ಲ.

ಹೊಸ ಮನೆ ಕಟ್ಟುವವರು ಪಡುವಣ ಗೋಡೆಯ ಮೇಲಿನ ಛಜ್ಜಾವನ್ನು ನಂಬಿ ಕೂಡಬಾರದು. ಇಳಿಹೊತ್ತಿನ ಸೂರ್ಯ ಕೆಳಗಿನಿಂದ ಬರುವುದರಿಂದ ಛಜ್ಜಾದ ನೆರಳು ಗೋಡೆಗೆ ಬೀಳುವುದಿಲ್ಲ. ಆ ಬದಿಗೆ ಅಡಿಗೆಮನೆ, ಉಗ್ರಾಣ, ಬಚ್ಚಲುಗಳನ್ನು ಹಾಕಿ, ಮಲಗುವ ಕೋಣೆಯನ್ನು ಮೂಡಣಕ್ಕೆ ಇಡುವುದು ಉತ್ತಮ.

ಕಿಟಕಿ ಯಾವಾಗ ತೆರೆಯಬೇಕು?

ಸೆಕೆಯಾಯಿತೆಂದು ಮಧ್ಯಾಹ್ನ ಕಿಟಕಿ, ಬಾಗಿಲುಗಳನ್ನೆಲ್ಲ ತೆರೆದಿಡುವುದು ಸಾಮಾನ್ಯ ರೂಢಿ. ಇದು ಸರಿಯಲ್ಲ. ಹೊರಗಿನ ಗಾಳಿ 40 ಡಿಗ್ರಿ ಇರುವಾಗ, ಒಳಗೆ 33 ಡಿಗ್ರಿ ಇದ್ದರೆ, ಕಿಟಕಿ ತೆರೆಯುವುದೆಂದರೆ ಬಿಸಿಲನ್ನು ಮನೆಗೆ ಕರೆದಂತೆ. ಮುಂಜಾನೆ ಎಂಟು-ಒಂಬತ್ತರ ನಂತರ ಕಿಟಕಿ ಮುಚ್ಚಿ, ಹೊರಮೈಗೆ ಚಾಪೆ ಅಥವಾ ಗೋಣಿತಾಟು ಇಳಿಬಿಡಬೇಕು. ಸೂರ್ಯ ಮುಳುಗಿ ಹೊರಗೆ ತಂಪಾದ ಮೇಲೆ ಎಲ್ಲವನ್ನೂ ತೆರೆದು ರಾತ್ರಿಯಿಡೀ ಗಾಳಿ ಆಡಲು ಬಿಡಬೇಕು. ಪರದೆಯನ್ನು ಒಳಗಿನಿಂದ ಹಾಕಿದರೆ ಶಾಖ ಗಾಜನ್ನು ದಾಟಿ ಒಳಗೆ ಬಂದಾಗಿರುತ್ತದೆ, ಹೊರಗಿನಿಂದ ಹಾಕಿದ್ದೇ ಪ್ರಯೋಜನಕಾರಿ. ತಗಡಿನ ಮನೆಗೆ ಮಾತ್ರ ಈ ನಿಯಮ ಅನ್ವಯಿಸುವುದಿಲ್ಲ: ಅಲ್ಲಿ ಹಗಲು ಒಳಗೇ ಹೆಚ್ಚು ಕಾಯುವುದರಿಂದ ತೆರೆದಿಡುವುದೇ ವಾಸಿ, ಹೊರಬಂದು ಗಿಡದ ನೆರಳಿನಲ್ಲಿ ಕೂಡುವುದು ಇನ್ನೂ ವಾಸಿ.

ಫ್ಯಾನಿನ ವಿಷಯದಲ್ಲಿಯೂ ತಪ್ಪು ತಿಳಿವಳಿಕೆಯಿದೆ. ಫ್ಯಾನು ಗಾಳಿಯನ್ನು ತಂಪು ಮಾಡುವುದಿಲ್ಲ, ಮೈಯ ಬೆವರನ್ನು ಬೇಗನೆ ಆರಿಸುತ್ತದೆ. ಕೋಣೆಯ ಉಷ್ಣತೆ 40 ಡಿಗ್ರಿ ದಾಟಿದರೆ ಅದು ಬಿಸಿ ಗಾಳಿಯನ್ನು ಮೈಗೆ ಬಡಿಯುವುದರಿಂದ ಲಾಭಕ್ಕಿಂತ ಹಾನಿ ಹೆಚ್ಚು, ಅದರಲ್ಲಿಯೂ ಬೆವರು ಕಡಿಮೆಯಿರುವ ವೃದ್ಧರಿಗೆ. ಆಗ ಮೈ-ಕೈಗಳನ್ನು ಒದ್ದೆ ಅರಿವೆಯಿಂದ ಒರೆಸುತ್ತ ಫ್ಯಾನಿನ ಕೆಳಗೆ ಕೂಡಬೇಕು. ಗೋಡೆಗೆ ಒಂದು ಉಷ್ಣತಾಮಾಪಕವನ್ನು ತೂಗುಹಾಕಿದರೆ ಈ ಎಲ್ಲದಕ್ಕೂ ಅನುಕೂಲ. ಬೆಳೆಯ ರೋಗಕ್ಕೆ ಔಷಧ ತರುವಾಗ ಅದನ್ನೂ ಒಂದು ತಂದರೆ ಹೊರೆಯೇನಲ್ಲ.

ನೀರು ಆರುವಾಗ ಶಾಖವನ್ನು ಒಯ್ಯುತ್ತದೆ

ಒಂದು ಲೀಟರ್ ನೀರು ಆರಿ ಆವಿಯಾಗಲು ಬೇಕಾಗುವ ಶಾಖದಿಂದ ಏಳು ಲೀಟರ್ ತಣ್ಣೀರನ್ನು ಕುದಿಯುವವರೆಗೆ ಕಾಯಿಸಬಹುದು. ಮಣ್ಣಿನ ಹರವಿಯ ನೀರು ತಂಪಾಗುವ ಗುಟ್ಟು ಇದೇ. ಹರವಿಯ ಸೂಕ್ಷ್ಮ ರಂಧ್ರಗಳಿಂದ ಒಸರಿದ ನೀರು ಹೊರಮೈಯಲ್ಲಿ ಆರುತ್ತ ಒಳಗಿನ ನೀರಿನಿಂದಲೇ ಶಾಖವನ್ನು ಎಳೆದುಕೊಳ್ಳುತ್ತದೆ. ಆದ್ದರಿಂದ ಹರವಿಗೆ ಬಣ್ಣ ಬಳಿಯಬಾರದು, ಗಾಳಿಯಿಲ್ಲದ ಮೂಲೆಯಲ್ಲಿ ಇಡಬಾರದು. ನೆರಳಿನಲ್ಲಿ, ಗಾಳಿ ಆಡುವ ಕಡೆ, ಒದ್ದೆ ಉಸುಕಿನ ಮೇಲೆ ಇಟ್ಟರೆ ಸರಿ. ಎರಡು-ಮೂರು ವರ್ಷದ ಹರವಿಯ ರಂಧ್ರಗಳು ನೀರಿನ ಉಪ್ಪಿನಿಂದ ಮುಚ್ಚಿಹೋಗಿರುತ್ತವೆ, ಹೊಸದನ್ನು ಕೊಳ್ಳಬೇಕು. ಕೊಳವೆ ಬಾವಿಯ ಸವಳು ನೀರು ಹಾಕುವವರ ಹರವಿ ಇನ್ನೂ ಬೇಗನೆ ಕೆಡುತ್ತದೆ. ಹೊಲಕ್ಕೆ ಹೋಗುವವರು ಪ್ಲಾಸ್ಟಿಕ್ ಬಾಟಲಿಗೆ ಒದ್ದೆ ಅರಿವೆ ಸುತ್ತಿ ಗಾಳಿಗೆ ತೂಗುಬಿಟ್ಟರೆ ಅಷ್ಟರಮಟ್ಟಿಗೆ ತತ್ರಾಣಿಯ ಕೆಲಸ ಆಗುತ್ತದೆ.

ಕಾಯಿಪಲ್ಲೆ ಇಡುವುದಕ್ಕೂ ಇದೇ ತತ್ವ. ನವದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯು 1980ರ ದಶಕದಲ್ಲಿ ವಿದ್ಯುತ್ತಿಲ್ಲದ ತಂಪು ಪೆಟ್ಟಿಗೆಯೊಂದನ್ನು ರೂಪಿಸಿತು. ನೆಲದ ಮೇಲೆ ಇಟ್ಟಿಗೆ ಹಾಸಿ, ಸುತ್ತಲೂ ಎರಡು ಸಾಲು ಇಟ್ಟಿಗೆಯ ಗೋಡೆಗಳನ್ನು ನಡುವೆ ಮೂರು ಅಂಗುಲ ಅಂತರ ಬಿಟ್ಟು ಎರಡು ಅಡಿ ಎತ್ತರ ಕಟ್ಟಿ, ಆ ಅಂತರದಲ್ಲಿ ನದಿಯ ಉಸುಕು ತುಂಬಬೇಕು. ಉಸುಕು ಮತ್ತು ಇಟ್ಟಿಗೆಗಳಿಗೆ ಮುಂಜಾನೆ, ಸಂಜೆ ನೀರು ಹಾಕಿ, ಮೇಲೆ ಒದ್ದೆ ಗೋಣಿತಾಟು ಮುಚ್ಚಿ, ಚಪ್ಪರದ ನೆರಳಿನಲ್ಲಿ ಇಟ್ಟರೆ ಬದನೆ, ಟೊಮೆಟೊ, ಸೊಪ್ಪುಗಳು ಮನೆಯೊಳಗೆ ಇಟ್ಟಿದ್ದಕ್ಕಿಂತ ಹಲವು ದಿನ ಹೆಚ್ಚಾಗಿ ತಾಳುತ್ತವೆ. ಗಾರೆಯೂ ಬೇಡ, ಗೌಂಡಿಯೂ ಬೇಡ.

ಆದರೆ ಸಂಜೆ ಮಾಳಿಗೆಯ ಮೇಲೆಲ್ಲ ಕೊಡಗಟ್ಟಲೆ ನೀರು ಸುರಿಯುವುದನ್ನು ಒಪ್ಪಲಾಗದು. 2019 ಮತ್ತು 2023ರ ಬೇಸಿಗೆಗಳಲ್ಲಿ ಕೃಷ್ಣೆಯ ಪಾತ್ರ ಬತ್ತಿ, ನೀರು ಬಿಡಿರೆಂದು ನಮ್ಮ ರಾಜ್ಯವು ಮಹಾರಾಷ್ಟ್ರವನ್ನು ಕೇಳಬೇಕಾಯಿತು. ಕುಡಿಯುವ ನೀರಿಗೆ ಟ್ಯಾಂಕರು ಕಾಯುವ ಊರಿನಲ್ಲಿ ಸುಣ್ಣವೇ ನೀರಿಗಿಂತ ಮೇಲು. ಅರಿವೆ ಒಗೆದ ನೀರು ಇದ್ದರೆ ಹಳೆಯ ಗೋಣಿತಾಟುಗಳನ್ನು ತೋಯಿಸಿ ಮಾಳಿಗೆಯ ಮೇಲೆ ಹಾಸಬಹುದು.

ಅಡಿಗೆ ಮತ್ತು ಊಟ

ಬಿಸಿಲಿನ ಬಗೆಗೆ ಬರೆಯುವವರು ಒಲೆಯನ್ನು ಮರೆಯುತ್ತಾರೆ. ಒಂದು ಬುಟ್ಟಿ ರೊಟ್ಟಿ ಬಡಿಯಲು ತಾಯಂದಿರು ಒಂದು ತಾಸಿಗೂ ಹೆಚ್ಚು ಕಾಲ ಬೆಂಕಿಯ ಮುಂದೆ ಕೂಡುತ್ತಾರೆ. ಈ ಕೆಲಸ ಬೆಳಿಗ್ಗೆ ಎಂಟರೊಳಗೆ ಮುಗಿಯಬೇಕು, ಇಲ್ಲವೆ ಒಲೆಯನ್ನು ಹಿತ್ತಲಿನ ಚಪ್ಪರಕ್ಕೆ ಸಾಗಿಸಬೇಕು. ವಾರಕ್ಕೊಮ್ಮೆ ಖಡಕ್ ರೊಟ್ಟಿ ಮಾಡಿಟ್ಟುಕೊಳ್ಳುವ ನಮ್ಮ ರೂಢಿ ಬೇಸಿಗೆಗೆ ಹೇಳಿ ಮಾಡಿಸಿದಂತಿದೆ. ಗಂಡಸರು ದಿನವೂ ಬಿಸಿ ರೊಟ್ಟಿಯೇ ಬೇಕೆಂಬ ಹಟವನ್ನು ಎರಡು ತಿಂಗಳ ಮಟ್ಟಿಗೆ ಬಿಟ್ಟರೆ ಮನೆಯ ಹೆಣ್ಣುಮಕ್ಕಳಿಗೆ ದೊಡ್ಡ ಉಪಕಾರ. ಜೋಳದ ಅಂಬಲಿ, ಉಪ್ಪು ಹಾಕಿದ ಮಜ್ಜಿಗೆ, ನುಚ್ಚು ಮಜ್ಜಿಗೆಗಳು ನೀರನ್ನೂ ಉಪ್ಪನ್ನೂ ಕೂಡಿಯೇ ಕೊಡುತ್ತವೆ. ಉಳ್ಳಾಗಡ್ಡಿಯನ್ನು ಕಿಸೆಯಲ್ಲಿಟ್ಟುಕೊಂಡರೆ ಝಳ ತಾಗುವುದಿಲ್ಲವೆಂಬ ನಂಬಿಕೆ ಇದೆ. ಅದನ್ನು ರೊಟ್ಟಿಯ ಜೊತೆಗೆ ತಿನ್ನಿರಿ, ಕಿಸೆಯಲ್ಲಿ ಅದರಿಂದ ಪ್ರಯೋಜನವಿಲ್ಲ. ಸೆರೆಯಂತೂ ಬಿಸಿಲಿನಲ್ಲಿ ವಿಷಕ್ಕೆ ಸಮ.

ಬಿಸಿಲ ಹೊಡೆತ

ದೇಹದ ಸ್ವಾಭಾವಿಕ ಉಷ್ಣತೆ 37 ಡಿಗ್ರಿ. ಬಿಸಿಲಿನಲ್ಲಿ ಕಷ್ಟದ ಕೆಲಸ ಮಾಡುವವನು ಒಂದು ತಾಸಿಗೆ ಒಂದು ಲೀಟರಿನಷ್ಟು ಬೆವರು ಸುರಿಸಿ ಅದನ್ನು ಕಾಯ್ದುಕೊಳ್ಳುತ್ತಾನೆ. ಈ ಶಕ್ತಿ ದೇಹಕ್ಕೆ ಒಮ್ಮೆಗೇ ಬರುವುದಿಲ್ಲ. ಬಿಸಿಲಿಗೆ ಒಗ್ಗಲು ಒಂದೆರಡು ವಾರ ಬೇಕು. ಆದ್ದರಿಂದ ಮಾರ್ಚಿನ ಮೊದಲ ಝಳ, ಮೇ ತಿಂಗಳ ಝಳಕ್ಕಿಂತ ಉಷ್ಣತಾಮಾನದಲ್ಲಿ ಕಡಿಮೆಯಿದ್ದರೂ ಅಪಾಯದಲ್ಲಿ ಕಡಿಮೆಯಲ್ಲ. ಮೊದಲು ತಲೆನೋವು, ವಾಕರಿಕೆ, ಕಾಲು ಸೆಟೆಯುವುದು, ತಲೆ ತಿರುಗುವುದು ಕಾಣಿಸುತ್ತವೆ. ಆಗ ನೆರಳಿಗೆ ಬಂದು ಮಲಗಿ, ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು ಕರಗಿಸಿ ಸ್ವಲ್ಪ ಸ್ವಲ್ಪವಾಗಿ ಕುಡಿಯಬೇಕು. ಉಪ್ಪು ಇದಕ್ಕಿಂತ ಹೆಚ್ಚಾಗಬಾರದು. ಆರೋಗ್ಯ ಕೇಂದ್ರದಲ್ಲಿ ಸಿಗುವ ಓ.ಆರ್.ಎಸ್. ಪುಡಿಯಿದ್ದರೆ ಇನ್ನೂ ಒಳ್ಳೆಯದು. ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯವರು ಬೇಸಿಗೆಗೆ ಮೊದಲೇ ವೈದ್ಯರನ್ನು ಕೇಳಿಕೊಂಡಿರಬೇಕು.

ಮನುಷ್ಯನು ಅಸಂಬದ್ಧವಾಗಿ ಮಾತಾಡತೊಡಗಿದರೆ, ಕರೆದರೆ ಓಗೊಡದಿದ್ದರೆ, ತಡವರಿಸಿ ನಡೆದರೆ, ಸೆಳವು ಬಂದರೆ ಅದು ಬಿಸಿಲ ಹೊಡೆತ. ಮೈ ಒಣಗಿ ಸುಡುತ್ತಿರಬೇಕೆಂದೇನೂ ಇಲ್ಲ. ದುಡಿಯುತ್ತಿದ್ದವನ ಮೈ ಬೆವರಿನಿಂದ ಒದ್ದೆಯಾಗಿಯೇ ಇರಬಹುದು. ಒಳಗಿನ ಉಷ್ಣತೆ 40 ಡಿಗ್ರಿಗೆ, ಅಂದರೆ 104 ಡಿಗ್ರಿ ಫ್ಯಾರನ್‌ಹೀಟ್‌ಗೆ ಏರಿರುತ್ತದೆ, ಪ್ರತಿ ನಿಮಿಷವೂ ಮಿದುಳಿಗೆ ಹಾನಿಯಾಗುತ್ತಿರುತ್ತದೆ. 108ಕ್ಕೆ ಕರೆ ಮಾಡಿ, ಆದರೆ ಗಾಡಿ ಬರುವವರೆಗೆ ಕೈಕಟ್ಟಿ ಕೂಡಬೇಡಿ. ಬಟ್ಟೆ ಸಡಿಲಿಸಿ ತೆಗೆದು, ಇದ್ದಷ್ಟು ನೀರನ್ನು ಮೈಮೇಲೆ ಸುರಿದು, ಸುತ್ತಲಿನವರು ಗಾಳಿ ಹಾಕಬೇಕು. ಹೊಲದಲ್ಲಿ ಪಂಪಿನ ನೀರು ಹರಿಯುತ್ತಿದ್ದರೆ ತಲೆಯನ್ನು ಎತ್ತಿಹಿಡಿದು ಅದರಲ್ಲಿಯೇ ಕುಳ್ಳಿರಿಸಬಹುದು. ಬರ್ಫ ಸಿಕ್ಕರೆ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಬೇಕು. ಮೊದಲು ತಂಪು ಮಾಡುವುದು, ಆ ಮೇಲೆ ಸಾಗಿಸುವುದು. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದು, ಉಸಿರಿಗೆ ಹೋಗುತ್ತದೆ. ಜ್ವರದ ಗುಳಿಗೆ ಇಲ್ಲಿ ಕೆಲಸ ಮಾಡುವುದಿಲ್ಲ.

ಬಾಣಂತಿಯ ಕೋಣೆಯ ವಿಷಯವನ್ನು ಸಂಕೋಚವಿಲ್ಲದೆ ಹೇಳಬೇಕು. ಕಿಟಕಿ ಮುಚ್ಚಿ, ಅಗ್ಗಿಷ್ಟಿಕೆಯಿಟ್ಟು, ತಾಯಿಗೆ ಕುಲಾವಿ ಕಟ್ಟಿ, ಕೂಸನ್ನು ಬಿಗಿಯಾಗಿ ಸುತ್ತುವ ರೂಢಿ ಚಳಿಗಾಲಕ್ಕೆ ಸರಿ. ಏಪ್ರಿಲ್ ತಿಂಗಳಲ್ಲಿ, ಅದೂ ಸ್ಲ್ಯಾಬಿನ ಕೋಣೆಯಲ್ಲಿ, ಇದರಿಂದ ಕೂಸಿನ ಜೀವಕ್ಕೇ ಅಪಾಯ. ಕೂಸಿಗೆ ಒಂದು ತೆಳು ಅಂಗಿ ಸಾಕು. ಆರು ತಿಂಗಳೊಳಗಿನ ಕೂಸಿಗೆ ನೀರು ಕುಡಿಸುವ ಅಗತ್ಯವಿಲ್ಲ, ಮೇಲಿಂದ ಮೇಲೆ ಎದೆಹಾಲು ಕೊಡಬೇಕು. ನೀರು, ಮಜ್ಜಿಗೆಗಳು ಬೇಕಾಗಿರುವುದು ತಾಯಿಗೆ. "ಬಾಣಂತಿಗೆ ನೀರು ಕೊಟ್ಟರೆ ಶೀತವಾಗುತ್ತದೆ" ಎನ್ನುವ ಅಜ್ಜಿಯರನ್ನು ಆಶಾ ಕಾರ್ಯಕರ್ತೆಯ ಸಹಾಯದಿಂದ ಮೆಲ್ಲಗೆ ಒಪ್ಪಿಸಬೇಕಾಗುತ್ತದೆ.

ದನದ ಕೊಟ್ಟಿಗೆ

ಖಿಲಾರಿ ಎತ್ತುಗಳು ಬಿಸಿಲು ತಾಳುತ್ತವೆ. ಎಚ್.ಎಫ್. ಮಿಶ್ರತಳಿಯ ಆಕಳು ತಾಳುವುದಿಲ್ಲ. ಬಾಯಿ ತೆರೆದು ತೇಕಿದರೆ, ಜೊಲ್ಲು ಸುರಿಸಿದರೆ ಹಾಲು ಇಳಿಯುವ ಮುನ್ಸೂಚನೆ. ಎಮ್ಮೆಗೆ ಕಪ್ಪು ಚರ್ಮ, ಬೆವರು ಗ್ರಂಥಿಗಳೂ ಕಡಿಮೆ. ದಿನಕ್ಕೆ ಎರಡು ಸಲ ಮೈಮೇಲೆ ನೀರು ಹಾಕಬೇಕು. ಹಾಲು ಕೊಡುವ ದೊಡ್ಡ ಆಕಳು ಬೇಸಿಗೆಯಲ್ಲಿ ದಿನಕ್ಕೆ 80ರಿಂದ 100 ಲೀಟರಿನವರೆಗೂ ನೀರು ಕುಡಿಯಬಲ್ಲದು. ಎರಡು ಹೊತ್ತು ಕುಡಿಸಿದರೆ ಸಾಲದು, ನೆರಳಿನಲ್ಲಿ ಸದಾ ನೀರಿರಬೇಕು. ಹಿಂಡಿ ಮತ್ತು ಕಣಿಕೆಯನ್ನು ಬೆಳಗಿನ ಜಾವ ಹಾಗೂ ರಾತ್ರಿ ಕೊಡಬೇಕು, ಮೇವು ಕರಗುವಾಗ ಹೊಟ್ಟೆಯೊಳಗೂ ಶಾಖ ಹುಟ್ಟುತ್ತದೆ.

ಹೊರಗೆ ಮಲಗುವವರಿಗೆ

ಸ್ಲ್ಯಾಬಿನ ಮೇಲೆ ಮಲಗುವವರು ಅದು ಆರುವವರೆಗೆ ನೆಲಕ್ಕೆ ಹಾಸದೆ ಹೊರಸಿನ ಮೇಲೆ ಮಲಗಬೇಕು. ಅಂಗಳದಲ್ಲಿ ಮಲಗುವವರಿಗೂ ಹೊರಸು ಮತ್ತು ಸೊಳ್ಳೆ ಪರದೆ ಅವಶ್ಯ. ಬೇಸಿಗೆಯ ರಾತ್ರಿ ಹಾವುಗಳು ತಂಪು ಹುಡುಕಿ ಹೊರಬರುತ್ತವೆ. ಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಬೇಕು. ಕಟ್ಟೆಗೋಡೆ ಇಲ್ಲದ ಮಾಳಿಗೆಯ ಮೇಲೆ ಮಕ್ಕಳನ್ನು ಮಲಗಿಸಬಾರದು. ಸಂಜೆ ಮೋಡ ಕಟ್ಟಿ ಗುಡುಗು ಕೇಳಿಸಿದರೆ ಹಾಸಿಗೆ ಸುತ್ತಿಕೊಂಡು ಕೆಳಗೆ ಇಳಿಯಿರಿ. ಏಪ್ರಿಲ್-ಮೇ ತಿಂಗಳ ಅಡ್ಡಮಳೆಯಲ್ಲಿ ಸಿಡಿಲು ಹೆಚ್ಚು.

ಗಿಡ ನೆಡುವುದು

ಪಡುವಣ ಗೋಡೆಗೆ ನೆರಳು ಬೇಕಾದರೆ ಗಿಡಕ್ಕಿಂತ ಉತ್ತಮವಾದದ್ದು ಇಲ್ಲ. ಬೇವು, ಹೊಂಗೆಗಳು ನಮ್ಮ ಎರೆ ಭೂಮಿಯಲ್ಲಿ ಚೆನ್ನಾಗಿ ಬರುತ್ತವೆ, ದನಗಳ ಕಾಟವನ್ನೂ ತಾಳಿಕೊಳ್ಳುತ್ತವೆ. ಬೇರು ಗೋಡೆಯನ್ನು ಸೀಳದಂತೆ ಹದಿನೈದು ಅಡಿಯಾದರೂ ದೂರ ಬಿಡಬೇಕು. ಮೇ ತಿಂಗಳಲ್ಲಿ ಎರಡು ಅಡಿ ಉದ್ದ, ಅಗಲ, ಆಳದ ಗುಂಡಿ ತೋಡಿ ಮಣ್ಣನ್ನು ಬಿಸಿಲಿಗೆ ಕಾಯಲು ಬಿಡಿ. ಮೃಗಶಿರಾ ಮಳೆ ಬಿದ್ದ ಮೇಲೆ ಎರಡು ಬುಟ್ಟಿ ತಿಪ್ಪೆಗೊಬ್ಬರವನ್ನು ಮೇಲ್ಮಣ್ಣಿನ ಜೊತೆಗೆ ಕೂಡಿಸಿ ತುಂಬಿ ಸಸಿ ನೆಟ್ಟು, ಜಾಲಿಯ ಮುಳ್ಳು ಕಟ್ಟಬೇಕು. ಮೊದಲ ಎರಡು ಬೇಸಿಗೆಗೆ ವಾರಕ್ಕೆ ಎರಡು ಕೊಡ ಬಚ್ಚಲ ನೀರು ಸಾಕು. ಬುಡಕ್ಕೆ ಉಳಿದ ರವದಿಯನ್ನು ಹೊದಿಸಿದರೆ ಒಂದೇ ಕೊಡದಲ್ಲಿಯೂ ನಡೆಯುತ್ತದೆ.